ಎಲ್ಲರೂ ಬೇಡ ಅಂದ ಡಾರ್ನಾಲ್ಡ್‌ನನ್ನು ನಾನು ಆರಿಸಿದ್ದು ಹೀಗೆ

ನಮ್ಮದು ನ್ಯೂಜೆರ್ಸಿಯಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಹನ್ನೆರಡು ಜನರ ಫ್ಯಾಂಟಸಿ ಲೀಗ್. ನಿಜವಾದ ಆಟಗಾರರನ್ನು ಆರಿಸಿಕೊಳ್ಳುತ್ತೇವೆ, ಅವರು ಪಂದ್ಯದಲ್ಲಿ ಆಡಿದಂತೆ ನಮಗೆ ಅಂಕ. ತಲೆಗೆ 100 ಡಾಲರ್. 2024ರ ಆಗಸ್ಟ್‌ನಲ್ಲಿ ಸರದಿಯಂತೆ ಆಟಗಾರರನ್ನು ಆರಿಸುವ ಡ್ರಾಫ್ಟ್‌ನ ಕೊನೆಯ ಸುತ್ತಿನಲ್ಲಿ ನಾನು ಸ್ಯಾಮ್ ಡಾರ್ನಾಲ್ಡ್ ಹೆಸರು ಹೇಳಿದೆ. ಆ ವರ್ಷವಷ್ಟೇ ಮಿನೆಸೋಟಾ ವೈಕಿಂಗ್ಸ್ ತಂಡ ಸೇರಿದ್ದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವವನು. ಎಲ್ಲರೂ ನಕ್ಕರು. ಅವನು ಮೊದಲು ನಮ್ಮ ಕಡೆಯ ನ್ಯೂಯಾರ್ಕ್ ಜೆಟ್ಸ್ ತಂಡದಲ್ಲಿ ಒದ್ದಾಡಿದ್ದನ್ನು ಇಲ್ಲಿನವರು ಕಣ್ಣಾರೆ ಕಂಡವರು. 2020ರಲ್ಲಿ ಅಂಕ ತರುವ ಟಚ್‌ಡೌನ್ ಎಸೆತ 9, ಎದುರಾಳಿ ಕೈಗೆ ಹೋದ ಎಸೆತ (ಇಂಟರ್‌ಸೆಪ್ಷನ್) 11. "ಇವನನ್ನ ಯಾಕೆ ಸಾರ್ ಕಟ್ಕೊಳ್ತೀರಾ?" ಅಂದ ಪಕ್ಕದಲ್ಲಿದ್ದ ಹುಡುಗ.

ಅವನನ್ನು ಆರಿಸಿದ್ದು ಒಂದು ಲೆಕ್ಕದ ಮೇಲೆ. ಆ ಲೆಕ್ಕ ಕಲಿಯೋಕೆ ನನಗೆ ಎರಡು ಸೀಸನ್ ಹೋಯಿತು. 2022ರಲ್ಲಿ ನನ್ನ ಎಕ್ಸೆಲ್ ಶೀಟ್ ಕ್ವಾರ್ಟರ್‌ಬ್ಯಾಕ್‌ನ ತಂಡದಲ್ಲಿ ಚೆಂಡು ಹಿಡಿಯುವ ರಿಸೀವರ್‌ಗಳಿಗೆ ಮಾತ್ರ ಅಂಕ ಕೊಡುತ್ತಿತ್ತು. ಅದನ್ನು ನಂಬಿ ಡೆನ್ವರ್ ತಂಡಕ್ಕೆ ಹೋದ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್‌ನನ್ನು ಬೇಗನೇ ತೆಗೆದುಕೊಂಡೆ. ಅವನು ಹೊಡೆದದ್ದು 16 ಟಚ್‌ಡೌನ್, ತಿಂದದ್ದು 55 ಸ್ಯಾಕ್, ಅಂದರೆ ಎಸೆಯುವ ಮೊದಲೇ ಎದುರಾಳಿ ಕೆಡವಿದ್ದು. ಮುಂದಿನ ವರ್ಷ ಕ್ವಾರ್ಟರ್‌ಬ್ಯಾಕ್‌ಗೆ ಕಾವಲು ನಿಲ್ಲುವ ಲೈನ್‌ನ ಅಂಕವನ್ನೂ ಸೇರಿಸಿದೆ, ಆದರೆ ಪ್ರತಿ ಸ್ಯಾಕ್‌ನ ತಪ್ಪನ್ನೂ ಲೈನ್ ಮೇಲೆ ಹಾಕಿದೆ. ಚೆಂಡು ಹಿಡಿದುಕೊಂಡೇ ನಿಲ್ಲುವವನು ಒಳ್ಳೆಯ ಲೈನ್ ಹಿಂದೆಯೂ ಸ್ಯಾಕ್ ಆಗುತ್ತಾನೆ, ಅಲ್ವಾ? ಪ್ರವೇಶದ ದುಡ್ಡು, ಡೇಟಾ ಸೈಟಿನ ಚಂದಾ ಎಲ್ಲ ಸೇರಿ ಎರಡು ವರ್ಷಕ್ಕೆ ಸುಮಾರು 350 ಡಾಲರ್ ಕಳೆದುಕೊಂಡೆ.

ದಾರಿ ಸಿಕ್ಕಿದ್ದು ಮಿನೆಸೋಟಾದಲ್ಲಿ. 2023ರ ಅಕ್ಟೋಬರ್ ಕೊನೆಯಲ್ಲಿ ಅಲ್ಲಿನ ಕ್ವಾರ್ಟರ್‌ಬ್ಯಾಕ್ ಕರ್ಕ್ ಕಸಿನ್ಸ್‌ಗೆ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. ಆಮೇಲೆ ಬದಲಿಗಳೇ ಆಡಿದರು. ಡಿಸೆಂಬರ್ 24ರಂದು ಡೆಟ್ರಾಯ್ಟ್ ಎದುರು ನಿಕ್ ಮಲ್ಲೆನ್ಸ್ 411 ಯಾರ್ಡ್ ಎಸೆದ. ಅದೇ ಪಂದ್ಯದಲ್ಲಿ 4 ಇಂಟರ್‌ಸೆಪ್ಷನ್ ಕೂಡ! ಆ ರಾತ್ರಿ ಪಂದ್ಯವನ್ನು ಮತ್ತೆ ಹಾಕಿ, ಒಂದೊಂದೇ ಎಸೆತ ನಿಲ್ಲಿಸಿ ನೋಡಿದೆ. ರಿಸೀವರ್ ಜಸ್ಟಿನ್ ಜೆಫರ್ಸನ್ ಬಿಡಿಸಿಕೊಂಡು ಹೋಗುವ ರೀತಿ, ಕೋಚ್ ಕೆವಿನ್ ಒ'ಕಾನೆಲ್ ಮಾಡಿಕೊಡುವ ಖಾಲಿ ಜಾಗ. ಯಾರ್ಡ್ ತಂಡದ್ದು, ಇಂಟರ್‌ಸೆಪ್ಷನ್ ಎಸೆದವನದು ಅಂತ ಆಗ ಮನಸ್ಸಿಗೆ ಬಂತು.

ಅಲ್ಲಿಂದ ನನ್ನ ವಿಧಾನ ಬದಲಾಯಿತು. ಕ್ವಾರ್ಟರ್‌ಬ್ಯಾಕ್‌ನ ಹಳೆಯ ಅಂಕಿಅಂಶ ಪಕ್ಕಕ್ಕಿಟ್ಟೆ. ಅದೇ ರಿಸೀವರ್, ಅದೇ ಲೈನ್, ಅದೇ ಕೋಚ್ ಇದ್ದಾಗ ಬದಲಿ ಆಟಗಾರ ಎಷ್ಟು ಎಸೆದ ಅಂತ ಮೊದಲು ನೋಡುತ್ತೇನೆ. ಅದು ನೆಲಗಟ್ಟು. ಹೊಸಬನ ಸಾಮರ್ಥ್ಯ ಅದರ ಮೇಲೆ. ಕೋಚ್‌ಗೆ ಎಷ್ಟು ತೂಕ ಕೊಡುತ್ತೇನೆ ಅಂತ ಇಲ್ಲಿ ಬರೆಯಲ್ಲ. ಲೀಗ್‌ನವರೂ ಇದನ್ನು ಓದುತ್ತಾರೆ.

ಹಳೆಯ ಲೆಕ್ಕಗಳನ್ನೂ ಇದಕ್ಕೆ ಹಾಕಿ ನೋಡಿದೆ. ಕ್ವಾರ್ಟರ್‌ಬ್ಯಾಕ್ ಜೇರೆಡ್ ಗಾಫ್ 2016ರಲ್ಲಿ 5 ಟಚ್‌ಡೌನ್, ಕೋಚ್ ಆಗಿ ಶಾನ್ ಮೆಕ್‌ವೇ ಬಂದ ಮರುವರ್ಷ 28. ಸರಿಹೋಯಿತು. ಕನ್ಸಾಸ್ ಸಿಟಿಯಲ್ಲಿ ರಿಸೀವರ್ ಟೈರೀಕ್ ಹಿಲ್ ಬಿಟ್ಟುಹೋದಮೇಲೂ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್ 2022ರಲ್ಲಿ 5,250 ಯಾರ್ಡ್ ಎಸೆದ. ಅವನು ಯಾವ ಶೀಟಿಗೂ ಸಿಗುವವನಲ್ಲ. ಮುಚ್ಚಿದ ಕ್ರೀಡಾಂಗಣ, ಗಾಳಿ ಅಂತಲೂ ಒಂದು ವಾರ ಕೂತೆ. ನನಗೇನೂ ಸಿಗಲಿಲ್ಲ, ಬಿಟ್ಟೆ.

2024ರ ಅಕ್ಟೋಬರ್‌ನಲ್ಲಿ ಮಿನೆಸೋಟಾ ಲೈನ್‌ನ ಎಡ ತುದಿ ಕಾಯುವ ಟ್ಯಾಕಲ್ ಡ್ಯಾರಿಸಾ ಮೊಣಕಾಲು ಪೆಟ್ಟಿನಿಂದ ಹೊರಗೆ ಹೋದಾಗ ಎದೆ ಧಸಕ್ಕೆಂದಿತು. ಡಾರ್ನಾಲ್ಡ್‌ನನ್ನು ಕೊಟ್ಟುಬಿಡಿ ಅಂತ ಇಬ್ಬರು ಕೇಳಿದರು. ಕೊಡಲಿಲ್ಲ. ಸೀಸನ್ ಮುಗಿದಾಗ ಅವನ ಹೆಸರಲ್ಲಿ 4,319 ಯಾರ್ಡ್, 35 ಟಚ್‌ಡೌನ್. ನಮ್ಮ ಫೈನಲ್ ವಾರದಲ್ಲೇ ಗ್ರೀನ್ ಬೇ ಎದುರು 377 ಯಾರ್ಡ್, 3 ಟಚ್‌ಡೌನ್ ಹೊಡೆದ. ಕಪ್ ನನ್ನದಾಯಿತು. ಕೈಗೆ ಬಂದದ್ದು ಸುಮಾರು 700 ಡಾಲರ್. ಆ ಪಕ್ಕದ ಹುಡುಗ ಮಾರನೇ ದಿನ ಫೋನ್ ಮಾಡಿ ಶೀಟ್ ಕೇಳಿದ. ಕೊಟ್ಟೆ, ಕೋಚ್ ಕಾಲಂ ಅಳಿಸಿ.