ಕಪ್‌ನ ಒಂದೇ ಬದಿಗೆ ಸುಕ್ಕು ಬಂದರೆ ಕುಶನ್ ಪಿನ್ ಅಳೆಯಿರಿ

ಪೀಣ್ಯದ ಶಾಪ್‌ನಲ್ಲಿ ಪ್ರೆಸ್‌ನಿಂದ ಚಪ್ಪಟೆ ಶೀಟನ್ನು ಕಪ್ ಆಕಾರಕ್ಕೆ ಎಳೆಯುವ (ಡೀಪ್ ಡ್ರಾಯಿಂಗ್) ಕೆಲಸ: 1 ಮಿ.ಮೀ. ಸಿಆರ್ (ಕೋಲ್ಡ್ ರೋಲ್ಡ್) ಉಕ್ಕಿನ ಶೀಟ್, 180 ಮಿ.ಮೀ. ವ್ಯಾಸದ ಬ್ಲ್ಯಾಂಕ್ (ಕತ್ತರಿಸಿದ ಬಿಲ್ಲೆ), ಅದನ್ನು ಡೈಯೊಳಗೆ (ಅಚ್ಚು) ತಳ್ಳುವ 100 ಮಿ.ಮೀ. ಪಂಚ್. ಫ್ಲ್ಯಾಂಜ್ (ಕಪ್‌ನ ಹೊರ ಅಂಚು) ಒಂದೇ ಬದಿ ಸುಕ್ಕುಗಟ್ಟುತ್ತಿತ್ತು. ಅಂಚನ್ನು ಒತ್ತಿ ಹಿಡಿಯಲು ಕೆಳಗಿನಿಂದ ಬಲ ಕೊಡುವ ಕುಶನ್‌ನ ಪ್ರೆಶರ್ ಏರಿಸಿದರೆ ಎದುರು ಬದಿಯ ಶೀಟ್ ಪಂಚ್ ಮೂಲೆಯಲ್ಲಿ ಹರಿದುಹೋಗುತ್ತಿತ್ತು. ಬ್ಲ್ಯಾಂಕ್ ಒಳಗೆ ಸರಿದಂತೆ ಅಂಚಿನ ಸುತ್ತಳತೆ ಕುಗ್ಗಬೇಕು. ಹಿಡಿತ ಸಡಿಲವಿದ್ದಲ್ಲಿ ಶೀಟ್ ಮಡಚಿಕೊಳ್ಳುತ್ತದೆ. ಸುತ್ತಲೂ ಸುಕ್ಕಿದ್ದರೆ ಒತ್ತಡ ಸಾಲದು ಎನ್ನಬಹುದು. ಒಂದೇ ಕಡೆ ಇದ್ದರೆ ಮೊದಲು ಅನುಮಾನಿಸಬೇಕಾದ್ದು ಒತ್ತಡದ ಹಂಚಿಕೆಯನ್ನು.

ಕುಶನ್‌ನ ಬಲವನ್ನು ಹೋಲ್ಡರ್‌ಗೆ (ಅಂಚನ್ನು ಹಿಡಿಯುವ ಉಂಗುರ) ಮುಟ್ಟಿಸುವ ಪಿನ್‌ಗಳನ್ನು ಬಿಚ್ಚಿ ಸರ್ಫೇಸ್ ಪ್ಲೇಟ್ ಮೇಲೆ ಹೈಟ್ ಗೇಜ್‌ನಿಂದ ಅಳೆದಾಗ ಸುಕ್ಕಿನ ಬದಿಯ ಎರಡು ಪಿನ್ 0.3 ಮಿ.ಮೀ. ಗಿಡ್ಡ. ಎಲ್ಲವನ್ನೂ ಒಟ್ಟಿಗೆ ಗ್ರೈಂಡ್ ಮಾಡಿಸಿ ವ್ಯತ್ಯಾಸವನ್ನು 0.05ರೊಳಗೆ ತಂದೆ. ಹೋಲ್ಡರ್‌ಗೆ ಗುರುತಿನ ನೀಲಿ ಬಣ್ಣ ಹಚ್ಚಿ ಸುತ್ತಲೂ ಸಮವಾಗಿ ಅಂಟುವುದನ್ನು ಖಚಿತಪಡಿಸಿಕೊಂಡು, ಬಲವನ್ನು ಸುಮಾರು 4 ಟನ್‌ಗೆ ಇಳಿಸಿದೆ. ಇದು ಫ್ಲ್ಯಾಂಜ್‌ನ ಚದರ ಮಿ.ಮೀ.ಗೆ ಸುಮಾರು 2.3ರಿಂದ 2.5 ನ್ಯೂಟನ್ ಲೆಕ್ಕ. ಎಣ್ಣೆ ಡೈ, ಹೋಲ್ಡರ್ ಬದಿಗೆ ಮಾತ್ರ; ಪಂಚ್ ತುದಿ ಒಣಗಿಯೇ ಇರಲಿ.