ಸಿ ಲ್ಯಾಬಿನ ಮೌಲ್ಯಮಾಪನವನ್ನು ಯಂತ್ರಕ್ಕೆ ಒಪ್ಪಿಸಿದ ಬಗೆ: ನನ್ನ ಅನುಭವ

‘ನಮ್ಮ ಹುಡುಗರು ಬರೆಯುವ ಕೋಡಿಗೆ ಇದೆಲ್ಲ ಹೊಂದುವುದಿಲ್ಲ ಸರ್’ ಎಂದು ನಕ್ಕಿದ್ದ ಸಹೋದ್ಯೋಗಿಗಳೇ ಈಗ ಡೇಟಾ ಸ್ಟ್ರಕ್ಚರ್ಸ್ ಲ್ಯಾಬಿಗೂ ಅದನ್ನೇ ಅಳವಡಿಸಿಕೊಡಿ ಎನ್ನುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ವಿಜಯಪುರದ ನಮ್ಮ ಕಾಲೇಜಿನಲ್ಲಿ ಮೊದಲ ವರ್ಷದ ಸಿ ಪ್ರೋಗ್ರಾಂಗಳನ್ನು ಒಂದು ಪೈಥಾನ್ ಸ್ಕ್ರಿಪ್ಟ್ ತಿದ್ದುತ್ತದೆ. ಅವನ್ನು ಸುರಕ್ಷಿತವಾಗಿ ಓಡಿಸಲು ಇನ್‌ಫರ್ಮ್ಯಾಟಿಕ್ಸ್ ಒಲಿಂಪಿಯಾಡ್‌ನವರ ಐಸೋಲೇಟ್ ಎಂಬ, ಪ್ರೋಗ್ರಾಮನ್ನು ಬೇಲಿಯೊಳಗಿಟ್ಟು ಓಡಿಸುವ ತಂತ್ರಾಂಶ ಇದೆ. ಕಂಪನಿಯೊಂದು ಇದೇ ಕೆಲಸಕ್ಕೆ ತಲೆಗೆ ವರ್ಷಕ್ಕೆ 400 ರೂಪಾಯಿಯಷ್ಟು ಕೇಳಿತ್ತು. ನನಗೆ ಹಳೆಯ ಡೆಸ್ಕ್‌ಟಾಪಿನ ರ‍್ಯಾಮ್ ಮತ್ತು ಎಸ್‌ಎಸ್‌ಡಿಗೆ ಆರೇಳು ಸಾವಿರ ತಗುಲಿತು. ಯುಪಿಎಸ್ ಬ್ಯಾಟರಿಯ ಖರ್ಚೇ ಅದಕ್ಕಿಂತ ಹೆಚ್ಚಾಯಿತು.

ಮೊದಲ ಸೆಮಿಸ್ಟರಿನಲ್ಲಿ ಸರಿಯಾದ ಉತ್ತರಕ್ಕೂ ಸೊನ್ನೆ ಬೀಳುತ್ತಿತ್ತು. ಹಳೆಯ ಟರ್ಬೊ ಸಿ ಕಂಪೈಲರ್ ಕಾಲದ ನೋಟ್ಸ್ ಓದಿ ಬಂದವರೆಲ್ಲ ‘ವಾಯ್ಡ್ ಮೇನ್’, ಅಂದರೆ ಮುಗಿದಾಗ ಯಾವ ಸಂಖ್ಯೆಯನ್ನೂ ಹಿಂದಿರುಗಿಸದ ಮುಖ್ಯ ಫಂಕ್ಷನ್, ಬರೆಯುತ್ತಾರೆ. ಆಗ ಕೊನೆಯ ಪ್ರಿಂಟ್‌ಎಫ್ ಎಷ್ಟು ಅಕ್ಷರ ಮುದ್ರಿಸಿತೋ ಆ ಸಂಖ್ಯೆಯೇ ರಿಜಿಸ್ಟರಿನಲ್ಲಿ ಉಳಿದು ಎಕ್ಸಿಟ್ ಕೋಡ್ (ಪ್ರೋಗ್ರಾಂ ಹೇಗೆ ಮುಗಿಯಿತೆಂದು ಹೇಳುವ ಸಂಖ್ಯೆ, ಸೊನ್ನೆ ಎಂದರೆ ಸರಿಯಾಗಿ) ಆಗಿ ಹೊರಬರುತ್ತದೆ, ಸೊನ್ನೆಯಲ್ಲದ್ದನ್ನೆಲ್ಲ ಐಸೋಲೇಟ್ ರನ್‌ಟೈಮ್ ಎರರ್ ಎಂದು ದಾಖಲಿಸುತ್ತದೆ. ‘ಸಮ್ = 15’ ಎಂದು ಇಂಗ್ಲಿಷಿನಲ್ಲಿ ಮುದ್ರಿಸಿ ಹೊಸ ಸಾಲಿಗೆ ಹೋದವನಿಗೆ ಕೋಡ್ 9. ಸಿಗ್ನಲ್‌ನಿಂದ ಸತ್ತದ್ದನ್ನು (ಆಪರೇಟಿಂಗ್ ಸಿಸ್ಟಂ ಬಲವಂತವಾಗಿ ನಿಲ್ಲಿಸಿದ್ದನ್ನು) ಮಾತ್ರ ತಪ್ಪೆಂದು ಎಣಿಸಿ, ಖಾಲಿ ಮ್ಯಾಕ್ರೊಗಳಿರುವ ಟರ್ಬೊ ಸಿಯ ಕೋನಿಯೊ ಹೆಡರ್ ಫೈಲಿನ ಒಂದು ಹುಸಿ ಪ್ರತಿಯನ್ನು ಜಿಸಿಸಿ ಕಂಪೈಲರಿಗೆ ತೋರಿಸಿದ ಮೇಲೆ ಅರ್ಧದಷ್ಟು ದೂರುಗಳು ನಿಂತವು.

ಉಳಿದರ್ಧ ಔಟ್‌ಪುಟ್ ಹೋಲಿಕೆಯದು. ಸಂಖ್ಯೆ ಕೇಳುವ ಸಾಲನ್ನು ಒಬ್ಬೊಬ್ಬರೂ ಒಂದೊಂದು ಬಗೆಯಲ್ಲಿ ಬರೆಯುತ್ತಾರೆ. ಎರಡು ಫೈಲುಗಳನ್ನು ಹೋಲಿಸುವ ಡಿಫ್‌ಗೆ ಖಾಲಿ ಜಾಗವನ್ನು ಲೆಕ್ಕಿಸಬೇಡ ಎಂದರೂ ಅದು ಬಗೆಹರಿಯದು. ಈಗ ಔಟ್‌ಪುಟ್‌ನಿಂದ ಸಂಖ್ಯೆಗಳನ್ನಷ್ಟೇ ಆರಿಸಿ, ಕೊನೆಯಿಂದ ಹಿಂದಕ್ಕೆ ಹೋಲಿಸುತ್ತೇನೆ, ದಶಮಾಂಶಕ್ಕೆ 0.01ರ ಸಡಿಲಿಕೆ ಇದೆ. ಉತ್ತರವನ್ನೇ ಕೋಡಿನಲ್ಲಿ ಬರೆದಿಟ್ಟವರನ್ನು ಹಿಡಿಯಲು ಟೆಸ್ಟ್ ಕೇಸುಗಳು ವಿದ್ಯಾರ್ಥಿಯ ಯುಎಸ್‌ಎನ್‌ಗೆ (ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆಗೆ) ತಕ್ಕಂತೆ ಬದಲಾಗುತ್ತವೆ. ಹೇಗೆಂದು ಇಲ್ಲಿ ಬರೆಯುವುದಿಲ್ಲ, ವಿದ್ಯಾರ್ಥಿಗಳೂ ಓದುತ್ತಾರೆ.

ನಡುವೆ ನಕಲು ಹಿಡಿಯಲು 1994ರಲ್ಲಿ ಅಲೆಕ್ಸ್ ಐಕನ್ ರೂಪಿಸಿದ ಮಾಸ್ ಎಂಬ ಕೋಡ್ ಹೋಲಿಸುವ ತಂತ್ರಾಂಶವನ್ನು ಪ್ರಯತ್ನಿಸಿದೆ. ಬಬಲ್ ಸಾರ್ಟ್‌ನಂಥ ಇಪ್ಪತ್ತು ಸಾಲಿನ ಪ್ರೋಗ್ರಾಮಿನಲ್ಲಿ ಪ್ರಾಮಾಣಿಕರದೂ ಒಂದೇ ತೆರನಾಗಿರುತ್ತದೆ. ಎಲ್ಲರಲ್ಲೂ ಇರುವ ಭಾಗವನ್ನು ಹೋಲಿಕೆಯಿಂದ ಬಿಡಲು ಬೇಸ್ ಫೈಲ್ ಕೊಟ್ಟರೂ ಹೆಚ್ಚು ಪ್ರಯೋಜನವಾಗದೆ ಕೈಬಿಟ್ಟೆ. ಆ ಪತ್ತೆಗೆ ವೈವಾ ಸಾಕು.

ಸಂಶಯ ಪಟ್ಟವರ ಎದುರಿಗೇ ಎಪ್ಪತ್ತು ಚಿಲ್ಲರೆ ಉತ್ತರಗಳನ್ನು ಕೈಯಿಂದಲೂ ಯಂತ್ರದಿಂದಲೂ ತಿದ್ದಿಸಿದೆವು. ಐದಾರರಲ್ಲಿ ಅಂಕ ಬೇರೆಯಾಯಿತು, ಅವುಗಳಲ್ಲಿ ಹೆಚ್ಚಿನವುಗಳಲ್ಲಿ ತಪ್ಪಿದ್ದು ಕೈಯೇ. ಮುಂದಿನ ಸೆಮಿಸ್ಟರಿಗೆ ಲಿಂಕ್ಡ್ ಲಿಸ್ಟ್ ಬರುತ್ತದೆ. ಅದಕ್ಕೆ ಮೆಮೊರಿ ಬಳಕೆಯ ತಪ್ಪುಗಳನ್ನು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಹಾಕಿ ನೋಡುತ್ತಿದ್ದೇನೆ.