11 ಹಾರ್ಡ್ ಡಿಸ್ಕ್, 11 ಲೆಟರ್: ಕೊನೆಗೂ ನಿಂತವು

ತಿಪಟೂರಿನಲ್ಲಿ ನನ್ನದು ಮದುವೆ ಫೋಟೋ, ವಿಡಿಯೋ ಸ್ಟುಡಿಯೋ. ಎರಡು ಕಂಪ್ಯೂಟರ್, ಒಂದು ಲ್ಯಾಪ್‌ಟಾಪ್, 11 ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಹೋದ ಆಷಾಢದಿಂದ ಇಲ್ಲಿಯವರೆಗೆ ಎರಡೂ ಕಂಪ್ಯೂಟರಿನಲ್ಲಿ ಯಾವ ಡಿಸ್ಕಿನ ಡ್ರೈವ್ ಲೆಟರೂ (ಡಿಸ್ಕಿಗೆ ವಿಂಡೋಸ್ ಕೊಡುವ ಇ, ಎಫ್ ಥರದ ಅಕ್ಷರ) ತಾನಾಗಿ ಬದಲಾಗಿಲ್ಲ. ‘ಯುಎಸ್‌ಬಿ ಡಿಸ್ಕಿಗೆ ಲೆಟರ್ ನಿಲ್ಲಲ್ಲ ಸಾರ್, ಸುಮ್ನೆ ನ್ಯಾಸ್ ಹಾಕಿಸಿ’ ಅಂತ (ನ್ಯಾಸ್ ಅಂದರೆ ಎಲ್ಲಾ ಕಂಪ್ಯೂಟರಿಗೂ ನೆಟ್‌ವರ್ಕಿನಲ್ಲಿ ಸಿಗುವ ಡಿಸ್ಕ್ ಪೆಟ್ಟಿಗೆ) ಕಂಪ್ಯೂಟರ್ ಅಂಗಡಿಯವರು 55,000 ರೂಪಾಯಿ ಚಿಲ್ಲರೆ ಕೊಟೇಶನ್ ಕೊಟ್ಟಿದ್ದರು. ನನಗೆ ಖರ್ಚಾಗಿದ್ದು 3,000ದ ಒಳಗೆ. ಅದನ್ನು ಹೇಳಿಕೊಳ್ಳೋಣ ಅಂತಲೇ ಬರೆಯಲು ಕೂತೆ.

ಈ ಲೈನಿನಲ್ಲಿ ಇರುವವರಿಗೆ ಕಷ್ಟ ಗೊತ್ತೇ ಇದೆ. ನಿನ್ನೆ ಇ ಆಗಿದ್ದ ಡಿಸ್ಕ್ ಇವತ್ತು ಜಿ. ವಿಡಿಯೋ ಎಡಿಟ್ ಮಾಡುವ ಪ್ರೀಮಿಯರ್ ತೆರೆದರೆ ಟೈಮ್‌ಲೈನ್ ಪೂರ್ತಿ ಕೆಂಪಗೆ ಮೀಡಿಯಾ ಆಫ್‌ಲೈನ್. ಫೋಟೋ ತಿದ್ದುವ ಲೈಟ್‌ರೂಮಿನಲ್ಲಿ ಫೋಲ್ಡರ್ ಮೇಲೆಲ್ಲ ಪ್ರಶ್ನಾರ್ಥಕ ಚಿಹ್ನೆ. ದಿನಾ ಅರ್ಧ ಗಂಟೆ, ಫೈಲ್ ಎಲ್ಲಿದೆ ಅಂತ ಮತ್ತೆ ತೋರಿಸಿ ರೀಲಿಂಕ್ ಮಾಡೋದರಲ್ಲೇ ಹೋಗುತ್ತಿತ್ತು. ಅಷ್ಟೇ ಆಗಿದ್ದರೆ ನಾನೂ ಸಹಿಸಿಕೊಳ್ಳುತ್ತಿದ್ದೆ.

ಎರಡು ವರ್ಷದ ಹಿಂದೆ, ಮೇ ತಿಂಗಳ ಸೀಸನ್. ರಾತ್ರಿ ಬ್ಯಾಕಪ್‌ಗೆ ಅಂತ ನಾನೇ ಒಂದು ಬ್ಯಾಚ್ ಫೈಲ್ (ಕಮಾಂಡುಗಳನ್ನು ತಾನೇ ಓಡಿಸುವ ಫೈಲ್) ಬರೆದಿದ್ದೆ. ವಿಂಡೋಸಿನ ಕಾಪಿ ಕಮಾಂಡ್ ರೋಬೋಕಾಪಿ, ಇ ಇಂದ ಎಫ್‌ಗೆ, ಮಿರ್ ಸ್ವಿಚ್. ಇ ಅಂದರೆ ಕೆಲಸದ ಡಿಸ್ಕ್, ಎಫ್ ಅಂದರೆ ಬ್ಯಾಕಪ್. ಅವತ್ತು ಹುಡುಗಿ ಕಡೆಯವರು ಹಾಡು ತುಂಬಿದ ಒಂದು ಪೆನ್‌ಡ್ರೈವ್ ಕೊಟ್ಟು ಹೋಗಿದ್ದರು. ನಮ್ಮ ಹುಡುಗ ಬೆಳಗ್ಗೆ ಮೊದಲು ಅದನ್ನೇ ಚುಚ್ಚಿದ. ಅದಕ್ಕೆ ಇ ಸಿಕ್ಕಿತು. ಆಮೇಲೆ ಹಾಕಿದ ಕೆಲಸದ ಡಿಸ್ಕ್ ಎಫ್ ಆಯಿತು, ಬ್ಯಾಕಪ್ ಜಿ ಆಯಿತು. ಯಾರೂ ನೋಡಲಿಲ್ಲ. ರಾತ್ರಿ ನಾನು ಎಂದಿನಂತೆ ಡಬಲ್ ಕ್ಲಿಕ್ ಮಾಡಿ ಊಟಕ್ಕೆ ಹೋದೆ. ವಾಪಸ್ ಬಂದಾಗ ಕೆಲಸದ ಡಿಸ್ಕಿನಲ್ಲಿ ಇದ್ದಿದ್ದು ಬರೀ 40 ಹಾಡು.

ಮಿರ್ ಅಂದರೆ ಮೂಲದಲ್ಲಿ ಇಲ್ಲದ್ದನ್ನೆಲ್ಲ ಆ ಕಡೆ ಅಳಿಸು ಅಂತ. ಅದು ಹೇಳಿದ ಕೆಲಸವನ್ನೇ ಮಾಡಿತ್ತು.

ಹಿಂದಿನ ರಾತ್ರಿಯ ಬ್ಯಾಕಪ್ ಇತ್ತು, ಹಾಗಾಗಿ ಹೋಗಿದ್ದು ಅವತ್ತು ಒಂದು ದಿನದ ಮದುವೆ. ಎರಡು ಕಾರ್ಡಿನಲ್ಲಿ ಒಂದನ್ನು ಹುಡುಗ ಆಗಲೇ ಫಾರ್ಮ್ಯಾಟ್ ಮಾಡಿ ಮಾರನೇ ದಿನಕ್ಕೆ ತಯಾರಿಟ್ಟಿದ್ದ. ಡಿಸ್ಕನ್ನು ಬೆಂಗಳೂರಿಗೆ ಕೊಟ್ಟು ಡೇಟಾ ತೆಗೆಸಿದ್ದಕ್ಕೆ ಸುಮಾರು 14,000 ಆಯಿತು. ಮುಕ್ಕಾಲು ಪಾಲು ಸಿಕ್ಕಿತು, ಫೋಲ್ಡರ್ ಹೆಸರೆಲ್ಲ ಹೋಗಿ ಬರೀ ನಂಬರ್. ಹತ್ತು ಹನ್ನೆರಡು ಕ್ಲಿಪ್ ಓಪನ್ ಆಗಲೇ ಇಲ್ಲ, ಅದರಲ್ಲಿ ಒಂದು ಧಾರೆ ಎರೆಯುವಾಗಿನದು. ಬಿಲ್ಲಿನಲ್ಲಿ 20,000 ಬಿಟ್ಟುಕೊಟ್ಟೆ. ಆ ಮನೆಯವರು ಇವತ್ತಿಗೂ ನಮ್ಮ ಅಂಗಡಿ ಮುಂದೆ ಹಾದರೆ ಮುಖ ತಿರುಗಿಸಿಕೊಂಡೇ ಹೋಗುತ್ತಾರೆ.

ಮೊದಲು ಮಾಡಿದ್ದು ಯುಎಸ್‌ಬಿ ಪೋರ್ಟಿಗೆ ಬಣ್ಣ ಹಚ್ಚುವ ಕೆಲಸ. ಕೆಂಪು ಸ್ಟಿಕರಿನ ಡಿಸ್ಕ್ ಕೆಂಪು ಪೋರ್ಟಿಗೆ, ಹಳದಿಯದ್ದು ಹಳದಿಗೆ. ಒಂದು ತಿಂಗಳು ಎಲ್ಲರನ್ನೂ ಬೈದು ಪಾಲಿಸಿದೆ. ಏನೂ ಪ್ರಯೋಜನ ಇಲ್ಲ. ಹಾರ್ಡ್ ಡಿಸ್ಕನ್ನು ವಿಂಡೋಸ್ ಗುರುತಿಸೋದು ಪೋರ್ಟ್ ನೋಡಿ ಅಲ್ಲ, ಡಿಸ್ಕಿನೊಳಗಿನ ಸಹಿ ನೋಡಿ. ಡಿಸ್ಕಿನ ಪಾರ್ಟಿಷನ್ ಪಟ್ಟಿ ಹಳೇ ಎಂಬಿಆರ್ ಥರದ್ದಾದರೆ ಡಿಸ್ಕ್ ಸಿಗ್ನೇಚರ್, ಹೊಸ ಜಿಪಿಟಿ ಆದರೆ ಪಾರ್ಟಿಷನ್ನಿನ ಐಡಿ. ಯಾವ ಸಹಿಗೆ ಯಾವ ಲೆಟರ್ ಅನ್ನೋ ಪಟ್ಟಿ ಇರೋದು ಆ ಕಂಪ್ಯೂಟರಿನ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ಜಾಗ), ಮೌಂಟೆಡ್ ಡಿವೈಸಸ್ ಅನ್ನುವ ಕಡೆ. ಅಂದರೆ ವಿಂಡೋಸ್ ನೆನಪಿಟ್ಟುಕೊಂಡೇ ಇರುತ್ತದೆ. ಆದರೆ ನಮ್ಮ ಡಿಸ್ಕ್ ಇಲ್ಲದ ಹೊತ್ತಲ್ಲಿ ಬೇರೆ ಯಾವುದಾದರೂ ಬಂದು ಆ ಲೆಟರ್ ಮೇಲೆ ಕೂತರೆ ಮುಗಿಯಿತು. ಬಸ್ಸಿನ ಸೀಟಿಗೆ ಹಾಕಿದ ಟವೆಲ್ ಇದ್ದ ಹಾಗೆ.

ಆಮೇಲೆ ಲೆಟರೇ ಬೇಡ ಅಂತ ಸಿ ಡ್ರೈವಿನಲ್ಲಿ ಖಾಲಿ ಫೋಲ್ಡರ್ ಮಾಡಿ ಡಿಸ್ಕ್ ಆ ಫೋಲ್ಡರಾಗಿಯೇ ಕಾಣುವ ಹಾಗೆ ಅದರೊಳಗೆ ಮೌಂಟ್ ಮಾಡಿ ನೋಡಿದೆ. ಚೆನ್ನಾಗೇ ನಡೆಯಿತು. ಆದರೆ ನನ್ನ ಹಳೇ ಆಲ್ಬಮ್ ಸಾಫ್ಟ್‌ವೇರ್ ಖಾಲಿ ಜಾಗ ಎಷ್ಟಿದೆ ಅಂತ ಸಿ ಡ್ರೈವನ್ನೇ ನೋಡಿ, ಜಾಗ ಸಾಲಲ್ಲ ಅಂತ ಹಟ ಹಿಡಿಯಿತು. ಬಿಟ್ಟೆ. ಜರ್ಮನಿಯ ಉವೆ ಸೀಬರ್ ಬರೆದಿರುವ ಯುಎಸ್‌ಬಿಡಿಎಲ್‌ಎಂ ಕೂಡ ಹಾಕಿದ್ದೆ. ನಿಜಕ್ಕೂ ಒಳ್ಳೇ ಸಾಧನ. ಐಎನ್‌ಐ ಅನ್ನುವ ಒಂದು ಸೆಟ್ಟಿಂಗ್ ಫೈಲಿನಲ್ಲಿ ‘ಈ ಹೆಸರಿನ ಡಿಸ್ಕ್ ಬಂದರೆ ಈ ಲೆಟರ್ ಕೊಡು’ ಅಂತ ಬರೆದರೆ ಸಾಕು. ಆದರೆ ಉಚಿತ ಅನ್ನೋದು ಮನೆ ಬಳಕೆಗೆ, ಓದುವವರಿಗೆ. ನಮ್ಮದು ವ್ಯಾಪಾರ. ಲೈಸೆನ್ಸ್ ತಗೊಳ್ಳೋಣ ಅಂದುಕೊಳ್ಳುವಷ್ಟರಲ್ಲಿ ಅದಿಲ್ಲದೆಯೇ ಕೆಲಸ ಆಯಿತು.

ಆಷಾಢದಲ್ಲಿ ಮದುವೆ ಇಲ್ಲ, ಕೈ ಖಾಲಿ. ಎಲ್ಲಾ ಡಿಸ್ಕ್ ಕಿತ್ತೆ. ವಿಂಡೋಸಿನದೇ ಡಿಸ್ಕ್‌ಪಾರ್ಟ್ ತೆರೆದು ಆಟೋಮೌಂಟ್ ಸ್ಕ್ರಬ್ ಅನ್ನುವ ಕಮಾಂಡ್ ಕೊಟ್ಟೆ. ಈಗ ಸಿಸ್ಟಮ್ಮಿನಲ್ಲಿ ಇಲ್ಲದ ಡಿಸ್ಕುಗಳ ಹಳೇ ನೆನಪೆಲ್ಲ ಅದರಿಂದ ಅಳಿಸಿ ಹೋಗುತ್ತದೆ. ವರ್ಷಗಟ್ಟಲೆ ಬಂದು ಹೋದ ಪೆನ್‌ಡ್ರೈವುಗಳ ಕಸವೂ ಹೋಯಿತು. ಆಮೇಲೆ ಒಂದೊಂದೇ ಡಿಸ್ಕ್ ಹಾಕಿ, ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಲೆಟರ್ ಕೊಡುತ್ತಾ ಹೋದೆ. ಇಲ್ಲಿದೆ ಗುಟ್ಟು: ಡಿ, ಇ, ಎಫ್ ಥರದ ಮೊದಮೊದಲಿನ ಲೆಟರ್ ಮುಟ್ಟಲೇಬಾರದು. ವಿಂಡೋಸ್ ಹೊಸಬರಿಗೆ ಯಾವತ್ತೂ ಮೊದಲಿಂದ ಹುಡುಕಿ, ಖಾಲಿ ಕಂಡದ್ದನ್ನು ಕೊಡುತ್ತದೆ. ಎಂ ಇಂದ ಡಬ್ಲ್ಯುವರೆಗೆ 11 ಲೆಟರ್ ಇದೆ, ಅಷ್ಟನ್ನೂ ನಮ್ಮ ಡಿಸ್ಕುಗಳಿಗೆ ಇಟ್ಟೆ. ನೆಟ್‌ವರ್ಕ್ ಡ್ರೈವ್ ಮ್ಯಾಪ್ ಮಾಡುವಾಗ ವಿಂಡೋಸ್ ಕೊನೆಯ ಅಕ್ಷರ ಝಡ್ ಇಂದ ಹಿಂದಕ್ಕೆ ಬರುತ್ತದೆ, ಅದಕ್ಕೆ ಕೊನೆಯ ಮೂರನ್ನು ಬಿಟ್ಟೆ.

ಕಾರ್ಡ್ ರೀಡರ್ ಬಗ್ಗೆ ಒಂದು ಮಾತು. ನನ್ನದು ನಾಲ್ಕು ಸ್ಲಾಟಿನದು. ಕಾರ್ಡ್ ಇಲ್ಲದಿದ್ದರೂ ನಾಲ್ಕು ಲೆಟರ್ ನುಂಗಿ ಕೂರುತ್ತದೆ. ಖಾಲಿ ಡ್ರೈವ್ ಎಕ್ಸ್‌ಪ್ಲೋರರಿನಲ್ಲಿ ಕಾಣದೇ ಇರುವುದರಿಂದ ಇದು ಗೊತ್ತಾಗೋಕೆ ನನಗೆ ವರ್ಷ ಬೇಕಾಯಿತು! ಅದಕ್ಕೆ ಇ ಇಂದ ಎಚ್‌ವರೆಗೆ ಬಿಟ್ಟುಕೊಟ್ಟು ಹಿಂದಿನ ಒಂದೇ ಪೋರ್ಟಿಗೆ ಕಟ್ಟಿಹಾಕಿದ್ದೇನೆ. ಬೇರೆ ಪೋರ್ಟಿಗೆ ಹಾಕಿದರೆ ಅದು ಹೊಸ ರೀಡರ್ ಅಂತ ಮತ್ತೆ ಲೆಟರ್ ಹುಡುಕುತ್ತದೆ.

ಇಷ್ಟಾದರೂ ಒಂದು ಡಿಸ್ಕ್ ಕಾಪಿ ಮಧ್ಯೆ ಕಟ್ ಆಗಿ ಬೇರೆ ಲೆಟರಿನಲ್ಲಿ ವಾಪಸ್ ಬರುತ್ತಿತ್ತು. ಹಳೇ ಲೆಟರನ್ನು ಪ್ರೀಮಿಯರ್ ಇನ್ನೂ ಹಿಡಿದುಕೊಂಡಿರುತ್ತಿತ್ತು. ಕಾರಣ, ಒಂದು ಪೋರ್ಟನ್ನು ಹಲವು ಮಾಡಿಕೊಡುವ ಹಬ್. ಅಡಾಪ್ಟರ್ ಇಲ್ಲದ ಅಗ್ಗದ ಹಬ್ಬಿಗೆ ಮೂರು ಡಿಸ್ಕ್ ನೇತುಹಾಕಿದರೆ ಕರೆಂಟ್ ಎಲ್ಲಿ ಸಾಲಬೇಕು? ಯುಎಸ್‌ಬಿ 3.0 ಪೋರ್ಟ್ ಒಂದು ಕೊಡುವುದೇ 900 ಮಿಲಿಆಂಪ್. ಅಡಾಪ್ಟರ್ ಇರುವ ಹಬ್ ತಂದೆ, 2,400 ಇರಬೇಕು. ಖರ್ಚು ಅಂದರೆ ಅದೇ, ಮತ್ತೆ ಒಂದಿಷ್ಟು ಸ್ಟಿಕರ್.

ಇದರ ನಡುವೆ ಇನ್ನೊಂದು ಪ್ರಯೋಗ. 2 ಟಿಬಿ ಡಿಸ್ಕ್ ಒಂದನ್ನು ಸೆಕ್ಟರ್ ಸೆಕ್ಟರ್ ಕ್ಲೋನ್ ಮಾಡಿ, ಅಂದರೆ ಸಹಿ ಸಮೇತ ಇದ್ದ ಹಾಗೇ ನಕಲಿಸಿ, ಎರಡಕ್ಕೂ ಒಂದೇ ಲೆಟರ್ ಇರಲಿ, ಯಾವುದು ಹಾಕಿದರೂ ನಡೆಯಲಿ ಅಂದುಕೊಂಡೆ. ಒಂದೊಂದೇ ಹಾಕಿದಾಗ ಹಾಗೇ ಆಯಿತು, ಖುಷಿಯಾಯಿತು. ಒಂದು ದಿನ ಹುಡುಗ ಎರಡನ್ನೂ ಒಟ್ಟಿಗೆ ಹಾಕಿದ. ಸಹಿ ಒಂದೇ ಇರುವುದರಿಂದ ಎರಡನೆಯದನ್ನು ವಿಂಡೋಸ್ ಆಫ್‌ಲೈನ್ ಮಾಡಿತು. ‘ಅಣ್ಣ, ಡಿಸ್ಕ್ ಸತ್ತೋಯ್ತು’ ಅಂತ ಫೋನ್. ಆನ್‌ಲೈನ್ ಒತ್ತು ಅಂದೆ. ಒತ್ತಿದ. ವಿಂಡೋಸ್ ಅದಕ್ಕೆ ಹೊಸ ಸಹಿ ಬರೆದು ಹೊಸ ಲೆಟರ್ ಕೊಟ್ಟಿತು. ಅವಳಿ ಆಟ ಅಲ್ಲಿಗೆ ನಿಂತಿತು. ಡಿಸ್ಕಿನ ಪಾರ್ಟಿಷನ್ ತೆಗೆದು ಹೊಸದಾಗಿ ಮಾಡಿದರೂ ಇದೇ ಕಥೆ, ಮತ್ತೆ ಕೈಯಾರೆ ಲೆಟರ್ ಕೊಡಬೇಕು.

ಬ್ಯಾಚ್ ಫೈಲೂ ಬದಲಾಗಿದೆ. ಮಿರ್ ತೆಗೆದು, ಅಳಿಸದೇ ಬರೀ ಸೇರಿಸುವ ಸ್ವಿಚ್ ಹಾಕಿದ್ದೇನೆ. ಪ್ರತಿ ಡಿಸ್ಕಿನಲ್ಲಿ, ಯಾವ ಫೋಲ್ಡರಿನ ಒಳಗೂ ಅಲ್ಲದೆ ಹೊರಗೇ, ಒಂದು ಗುರುತಿನ ಫೈಲ್ ಇದೆ. ಅದು ಎರಡೂ ಕಡೆ ಕಾಣದಿದ್ದರೆ ಕಾಪಿ ಶುರುವೇ ಆಗಲ್ಲ. ಆ ಫೈಲಿನಲ್ಲಿ ಏನಿದೆ, ಹುಡುಗ ಅದನ್ನೇ ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿದರೂ ಮೋಸ ಹೋಗದ ಹಾಗೆ ಹೇಗೆ ಮಾಡಿದೆ ಅನ್ನೋದನ್ನು ಇಲ್ಲಿ ಹೇಳಲ್ಲ. ಆರು ರಾತ್ರಿ ತಿಂದ ಕೆಲಸ ಅದು.

ಎರಡನೇ ಕಂಪ್ಯೂಟರಿಗೂ ಇದೇ ಲೆಟರುಗಳನ್ನು ಪ್ರತ್ಯೇಕವಾಗಿ ಕೊಡಬೇಕಾಯಿತು, ಪಟ್ಟಿ ಆಯಾ ಕಂಪ್ಯೂಟರಿನದೇ ಅಲ್ವಾ. ಲ್ಯಾಪ್‌ಟಾಪ್ ಇನ್ನೂ ಬಾಕಿ ಇದೆ. ಅಂಗಡಿಯವರು ಮೊನ್ನೆ ಬಂದು, ‘ಸಾರ್, ಇನ್ನೊಂದು ಸ್ಟುಡಿಯೋಗೆ ಇದನ್ನೇ ಮಾಡಿಕೊಡಬೇಕಿತ್ತು, ಆ ಬ್ಯಾಚ್ ಫೈಲ್ ಕೊಡ್ತೀರಾ’ ಅಂದರು. ಕಾಫಿ ಕೊಟ್ಟು ಕಳಿಸಿದೆ.